29 ಗಾಲಿಯ ಅಳತೆ, ನಿಮ್ಮ ಅಳತೆ ಅಲ್ಲ: ಎಂಟಿಬಿ ಸೈಜಿನ ಪ್ರಶ್ನೋತ್ತರ

ಪ್ರಶ್ನೆ (ಸದಾಶಿವನಗರ, ಬೆಳಗಾವಿ):
ನಮಸ್ಕಾರ ಸರ್. ನಾನು ಉದ್ಯಮಬಾಗದ ಒಂದು ಮಶೀನ್ ಶಾಪಿನಲ್ಲಿ ಕೆಲಸ ಮಾಡುತ್ತೇನೆ. ಎತ್ತರ 168 ಸೆಂ.ಮೀ. ದಿನಾ ಸೈಕಲ್ ಮೇಲೆ ಹೋಗಿಬರಬೇಕು ಅಂತ ಮನಸ್ಸು ಮಾಡಿದ್ದೇನೆ. ಒಂದು ಕಡೆಗೆ ಸುಮಾರು 7 ಕಿ.ಮೀ. ಆಗುತ್ತದೆ. ರವಿವಾರ ಗೆಳೆಯರ ಜೊತೆ ಯಳ್ಳೂರ ಕಡೆ, ರಾಜಹಂಸಗಡದ ಸುತ್ತಲಿನ ಕಚ್ಚಾ ದಾರಿಯಲ್ಲಿ ಓಡಿಸುವ ಆಸೆಯೂ ಇದೆ. ಅದಕ್ಕೇ ಎಂಟಿಬಿ (ಮೌಂಟನ್ ಬೈಕ್) ತಗೊಳ್ಳಬೇಕು ಅಂತ. ಒಂದು ಅಂಗಡಿಯಲ್ಲಿ "ನಿಮ್ಮ ಹೈಟಿಗೆ 29 ಸೈಜೇ ಬೇಕು" ಅಂದರು. ಇನ್ನೊಂದರಲ್ಲಿ "29 ಆರಡಿಯವರಿಗೆ, ನಿಮಗೆ 26 ಸಾಕು" ಅಂದರು. ಇದರ ನಡುವೆ ಪರಿಚಯದವರೊಬ್ಬರು ಸೆಕೆಂಡ್ ಹ್ಯಾಂಡ್ ಸೈಕಲ್ ತೋರಿಸಿದ್ದಾರೆ. ಅದರ ಫ್ರೇಮಿನ ಮೇಲೆ 19 ಅಂತ ಇದೆ. ಇವುಗಳಲ್ಲಿ ನನ್ನ ಸೈಜು ಯಾವುದು?

ಉತ್ತರ (ಸೈಕಲ್ ಮೆಕ್ಯಾನಿಕ್, ಟಿಳಕವಾಡಿ):
ಇದರಲ್ಲಿ ಎರಡು ಬೇರೆ ಬೇರೆ ಅಳತೆ ಕಲಸಿಕೊಂಡಿವೆ ರೀ. 26, 27.5, 29 ಅನ್ನುವುದು ಗಾಲಿಯ ಇಂಚು. 19 ಅನ್ನುವುದು ಫ್ರೇಮಿನ ಇಂಚು. ಅಂಗಡಿಯವರು "ಸೈಜು" ಅಂದಾಗ ಹೇಳಿದ್ದು ಗಾಲಿಯದ್ದು. ನಿಮ್ಮ ಮೈಗೆ ಸಂಬಂಧಪಟ್ಟಿದ್ದು ಫ್ರೇಮಿನದ್ದು. 29 ಗಾಲಿಯ ಸೈಕಲ್ಲಿನಲ್ಲಿ 16 ಇಂಚಿನ ಫ್ರೇಮೂ ಬರುತ್ತದೆ, 21 ಇಂಚಿನದೂ ಬರುತ್ತದೆ. ಹಾಗಾಗಿ "29 ಕೊಡಿ" ಅಂದರೆ ಅಂಗಿಯ ಬಣ್ಣ ಹೇಳಿ ಅಳತೆ ಹೇಳದೆ ಬಂದ ಹಾಗೆ.

ಫ್ರೇಮಿಗೆ ಎತ್ತರ ಒಂದೇ ಸಾಲದು. 168 ಸೆಂ.ಮೀ. ಇರುವ ಇಬ್ಬರಲ್ಲಿ ಒಬ್ಬರಿಗೆ ಕಾಲು ಉದ್ದ, ಇನ್ನೊಬ್ಬರಿಗೆ ಮೈ ಉದ್ದ ಇರುತ್ತದೆ. ಮೊದಲು ಕಾಲಿನ ಒಳಅಳತೆ ತಗೊಳ್ಳಿ. ಬರಿಗಾಲಲ್ಲಿ ಗೋಡೆಗೆ ಬೆನ್ನು ಹಚ್ಚಿ ನಿಲ್ಲಿ, ಪಾದಗಳ ನಡುವೆ ಒಂದು ಗೇಣು ಅಂತರ ಇರಲಿ. ದಪ್ಪ ರಟ್ಟಿನ ಪುಸ್ತಕವನ್ನು ತೊಡೆಸಂದಿಗೆ ಹಿಡಿದು ಮೇಲಕ್ಕೆ ಒತ್ತಿ. ಸೀಟಿನ ಮೇಲೆ ಕೂತಾಗ ಎಷ್ಟು ಒತ್ತುತ್ತದೋ ಅಷ್ಟು. ನಾಚಿಕೊಂಡು ಸಡಿಲ ಹಿಡಿದರೆ ಎರಡು ಸೆಂ.ಮೀ. ತಪ್ಪುತ್ತದೆ! ಪುಸ್ತಕದ ಒಂದು ಅಂಚು ಗೋಡೆಗೆ ಪೂರ್ತಿ ಕೂತಿರಬೇಕು, ಆಗ ಮಟ್ಟ ಸಿಗುತ್ತದೆ. ಮೇಲಂಚಿಗೆ ಪೆನ್ಸಿಲ್ ಗೆರೆ ಹಾಕಿ, ನೆಲದಿಂದ ಗೆರೆಯವರೆಗೆ ಟೇಪು ಹಿಡಿಯಿರಿ. ಮೂರು ಸಲ ಮಾಡಿ. ನೀವು ಮಶೀನ್ ಶಾಪಿನವರು, ಅಳತೆ ಹೇಗೆ ತಗೋಬೇಕು ಅಂತ ನಾನು ಹೇಳಿಕೊಡುವುದು ಅತಿ ಆಯಿತೇನೋ.

ಪ್ರಶ್ನೆ ಕೇಳಿದವರು:
ಮೂರು ಸಲ ತಗೊಂಡೆ ಸರ್. 77, 76.5, 77. ಹೆಂಡತಿ ನಕ್ಕಿದ್ದು ಬೇರೆ.

ಉತ್ತರ:
ಹಾಗಾದರೆ 77 ಅಂತ ಹಿಡಿಯೋಣ. ಎಂಟಿಬಿಗೆ ಬಳಕೆಯಲ್ಲಿರುವ ಲೆಕ್ಕ: ಸೆಂ.ಮೀ. ಲೆಕ್ಕದ ಒಳಅಳತೆಯನ್ನು 0.225ರಿಂದ ಗುಣಿಸಿದರೆ ಫ್ರೇಮಿನ ಇಂಚು ಸಿಗುತ್ತದೆ. ನಿಮಗೆ 17.3 ಬಂತು. ಅಂದರೆ 17 ಇಂಚು, ಹೆಚ್ಚೆಂದರೆ 17.5. ಹಲವು ಕಂಪನಿಗಳಲ್ಲಿ ಅದು ಮೀಡಿಯಂ. ಆದರೆ ಒಬ್ಬರ ಮೀಡಿಯಂ ಇನ್ನೊಬ್ಬರ ಸ್ಮಾಲ್ ಆಗಿರುತ್ತದೆ. ಅಕ್ಷರ ನಂಬಬೇಡಿ, ಟೇಪು ನಂಬಿ. ಎರಡೂ ಪೆಡಲ್ ತೋಳುಗಳನ್ನು ಕೂಡಿಸುವ, ಫ್ರೇಮಿನ ತಳದ ಆಕ್ಸಲ್ಲಿನ ನಡುಬಿಂದುವಿನಿಂದ ಸೀಟಿನ ಕಂಬ ಇಳಿಯುವ ಫ್ರೇಮಿನ ಕೊಳವೆಯ ಮೇಲ್ತುದಿಯವರೆಗೆ ಅಳೆದರೆ ಫ್ರೇಮಿನ ಇಂಚು ಬರುತ್ತದೆ.

19 ಇಂಚಿನ ಆ ಸೆಕೆಂಡ್ ಹ್ಯಾಂಡ್ ಬಿಡಿ. ಎಷ್ಟೇ ಸೋವಿ ಇದ್ದರೂ ಬಿಡಿ. ಯಾಕೆ ಇಷ್ಟು ಗಟ್ಟಿಯಾಗಿ ಹೇಳುತ್ತೇನೆ ಅಂದರೆ, ನಾನೇ ಅದೇ ತಪ್ಪು ಮಾಡಿದವನು. ನನ್ನ ಎತ್ತರ 165. ಮೆಕ್ಯಾನಿಕ್ ಆಗುವ ಮೊದಲು, ಕಡಿಮೆ ರೇಟಿಗೆ ಸಿಕ್ಕಿತು ಅಂತ 20 ಇಂಚಿನ ಫ್ರೇಮ್ ತಂದೆ. ಅಂಗಡಿಯವನು ಸೀಟು ಪೂರ್ತಿ ಕೆಳಗೆ ಇಳಿಸಿ "ನೋಡಿ, ಕಾಲು ಮುಟ್ಟುತ್ತಲ್ಲ" ಅಂದಿದ್ದ. ಸೀಟಿನ ಮೇಲಿಂದ ಮುಟ್ಟುತ್ತಿತ್ತು, ನಿಜ. ಮರುದಿನ ಎರಡನೇ ರೈಲ್ವೆ ಗೇಟಿನಲ್ಲಿ ಗಕ್ಕನೆ ಬ್ರೇಕ್ ಹಿಡಿದು ಸೀಟಿನಿಂದ ಮುಂದಕ್ಕೆ ಜಾರಿ ಇಳಿದೆ. ಮೇಲಿನ ದಾಂಡಿ ಎಲ್ಲಿಗೆ ಬಡಿಯಬಾರದೋ ಅಲ್ಲಿಗೇ ಬಡಿಯಿತು. ರೈಲು ಹೋಗುವವರೆಗೂ ಕಣ್ಣಲ್ಲಿ ನೀರು. ಆಮೇಲೆ ಶುರುವಾಗಿದ್ದು ಬೆರಳು ಜೋಮು. ಹ್ಯಾಂಡಲ್ ದೂರ ಇತ್ತು, ಮೈಭಾರ ಎಲ್ಲ ಅಂಗೈ ಮೇಲೆ ಬೀಳುತ್ತಿತ್ತು. ಒಂದು ವರ್ಷಕ್ಕೆ ಮಾರಿದೆ.

ಅದಕ್ಕೇ ದಾಂಡಿಯ ಪರೀಕ್ಷೆ ಮೊದಲು. ದಿನಾ ಹಾಕುವ ಬೂಟು ಹಾಕಿಕೊಂಡು ಸೈಕಲ್ ದಾಟಿ, ಎರಡೂ ಕಾಲು ನೆಲಕ್ಕೆ ಊರಿ ನಿಲ್ಲಿ. ದಾಂಡಿಗೂ ನಿಮಗೂ ನಡುವೆ ಎರಡು ಇಂಚು ಇರಲೇಬೇಕು. ಗುಂಡಿ, ಕಲ್ಲಿನ ದಾರಿಗೆ ಮೂರಿದ್ದರೆ ಒಳ್ಳೆಯದು. ಆಮೇಲೆ ಹ್ಯಾಂಡಲ್ ಹಿಡಿದು ಕೂಡಿ. ಮೊಣಕೈ ಸ್ವಲ್ಪ ಬಾಗಿರಬೇಕು. ಕೈ ಕೋಲಿನ ಹಾಗೆ ನೆಟ್ಟಗಾದರೆ ಫ್ರೇಮ್ ಉದ್ದ. ಪೂರ್ತಿ ತಿರುಗಿಸುವಾಗ ಮೊಣಕಾಲು ಹ್ಯಾಂಡಲಿಗೆ ತಾಗಿದರೆ ಗಿಡ್ಡ. ಕೆಲವರು ಸೀಟು ಮುಂದಕ್ಕೆ ಎಳೆದು "ಸರಿ ಮಾಡಿದೆ" ಅನ್ನುತ್ತಾರೆ. ಅದರಿಂದ ಕೈ ನೋವು ಹೋಗಿ ಮೊಣಕಾಲು ನೋವು ಬರುತ್ತದೆ, ಅಷ್ಟೇ. ಸೀಟು ಇರುವುದು ಕಾಲಿಗೆ. ಹ್ಯಾಂಡಲ್ ದೂರ ಅನಿಸಿದರೆ ಹ್ಯಾಂಡಲನ್ನು ಮುಂದೆ ಹಿಡಿದಿಡುವ ತುಂಡು, ಅಂದರೆ ಸ್ಟೆಮ್ಮು ಬದಲಿಸಿ. ಒಂದೆರಡು ಸೆಂ.ಮೀ. ಗಿಡ್ಡ ಸ್ಟೆಮ್ಮು ಹಾಕಿದರೂ ಫರಕು ಗೊತ್ತಾಗುತ್ತದೆ.

ಪ್ರಶ್ನೆ ಕೇಳಿದವರು:
ಹಾಗಾದರೆ ಗಾಲಿ ಯಾವುದು ಸರ್? ಅದೇ ಜಗಳ ಇನ್ನೂ ಉಳಿಯಿತಲ್ಲ.

ಉತ್ತರ:
ನಿಮ್ಮ ಎತ್ತರಕ್ಕೆ 27.5 ಆಗುತ್ತದೆ, 29 ಕೂಡ ಆಗುತ್ತದೆ. ನಾನಾದರೆ 29 ತಗೊಳ್ಳುತ್ತೇನೆ. ದೊಡ್ಡ ಗಾಲಿ ಕಲ್ಲು, ಗುಂಡಿ ಮೇಲೆ ಸುಲಭವಾಗಿ ಹತ್ತಿ ಇಳಿಯುತ್ತದೆ, ಟಾರ್ ರೋಡಿನಲ್ಲಿ ವೇಗ ಹಿಡಿದರೆ ಬಿಡುವುದಿಲ್ಲ. ತಿರುವಿನಲ್ಲಿ ಚುರುಕು ಬೇಕಾದರೆ 27.5. ಇನ್ನೊಂದು ಗುಟ್ಟು: 29ರ ಟೈರಿನ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ 57-622 ಥರ ಇರುತ್ತದೆ ನೋಡಿ. 57 ಟೈರಿನ ಅಗಲ, 622 ರಿಮ್ಮಿನ ವ್ಯಾಸ, ಎರಡೂ ಮಿ.ಮೀ. ಅದೇ 622 ರೋಡ್ ಸೈಕಲ್ಲಿನ 700ಸಿ ಗಾಲಿಯದ್ದೂ ಹೌದು. ಮುಂದೆ ರವಿವಾರದ ಹುಚ್ಚು ಇಳಿದು ಬರೀ ಕೆಲಸಕ್ಕೆ ಹೋಗುವುದೇ ಉಳಿದರೆ, ರಿಮ್ಮಿನ ಅಗಲ ನೋಡಿಕೊಂಡು ಸಣ್ಣ ನುಣ್ಣನೆ ಟೈರು ಹಾಕಬಹುದು. 27.5ರದ್ದು 584, 26ರದ್ದು 559. ಟೈರು, ಟ್ಯೂಬು ತರಲು ಹೋದಾಗ ಈ ನಂಬರು ಹೇಳಿ, ತಪ್ಪಾಗುವುದಿಲ್ಲ.

ಹಿಂದೆಯೂ ಸ್ಪ್ರಿಂಗ್ ಇರುವ ಸೋವಿ ಸೈಕಲ್ ಬೇಡ. ಭಾರ ಜಾಸ್ತಿ, ನೀವು ತುಳಿದ ಶಕ್ತಿಯನ್ನು ಸ್ಪ್ರಿಂಗೇ ತಿನ್ನುತ್ತದೆ. ಮುಂದಿನ ಗಾಲಿ ಹಿಡಿಯುವ ಫೋರ್ಕಿನಲ್ಲಿ ಸ್ಪ್ರಿಂಗ್, ಅದಕ್ಕೆ ಲಾಕ್ ಇದ್ದರೆ ಸಾಕು. ಡಾಂಬರಿನ ಮೇಲೆ ಲಾಕ್ ಹಾಕಿ, ಕಚ್ಚಾ ದಾರಿಗೆ ಇಳಿದಾಗ ಬಿಡಿ.

ಸದಸ್ಯರು (ವಿಜಯಪುರ):
ಅಣ್ಣಾ, ದಿನಾ 14 ಕಿ.ಮೀ. ಟಾರ್ ರೋಡು, ವಾರಕ್ಕೊಮ್ಮೆ ಕಚ್ಚಾ ದಾರಿ. ಇದಕ್ಕೆ ಎಂಟಿಬಿ ಯಾಕೆ? ರೋಡ್ ಸೈಕಲ್ಲಿಗೂ ಎಂಟಿಬಿಗೂ ನಡುವಿನ ಹೈಬ್ರಿಡ್ ತಗೊಳ್ಳಲಿ ಬಿಡಿ.

ಉತ್ತರ:
ನಿಮ್ಮ ಕಡೆ ರೇಸ್ ಸೈಕಲ್ಲಿನ ಹುಚ್ಚು ಮೊದಲಿಂದ ಇದೆ, ಅದಕ್ಕೆ ಹೀಗಂತೀರಿ! ಬರೀ ಕೆಲಸಕ್ಕಾದರೆ ನಿಮ್ಮ ಮಾತೇ ಸರಿ. ಆದರೆ ಜೂನ್‌ನಿಂದ ನಮ್ಮಲ್ಲಿ ಮಳೆ ಹೇಗೆ ಹಿಡಿಯುತ್ತದೆ ನೋಡಿದ್ದೀರಲ್ಲ. ಹೊಲದ ದಾರಿಯ ಎರಿ ಮಣ್ಣು ಹೈಬ್ರಿಡ್ಡಿನ ಮಡ್‌ಗಾರ್ಡ್ ಒಳಗೆ ಹೊಕ್ಕರೆ ಗಾಲಿಯೇ ತಿರುಗುವುದಿಲ್ಲ, ಸೈಕಲ್ ಹೆಗಲ ಮೇಲೆ ಬರುತ್ತದೆ. ಎಂಟಿಬಿಯಲ್ಲೂ ಅಂಟುತ್ತದೆ, ಆದರೆ ಟೈರಿಗೂ ಫೋರ್ಕಿಗೂ ನಡುವೆ ಜಾಗ ಜಾಸ್ತಿ. ಬ್ರೇಕೂ ಡಿಸ್ಕ್ ಇರಲಿ, ಅದು ಗಾಲಿಯ ನಡುವಿನ ತಟ್ಟೆಗೆ ಹಿಡಿಯುತ್ತದೆ. ರಾಡಿಯಲ್ಲಿ ರಿಮ್ಮಿಗೆ ಹಿಡಿಯುವ ಬ್ರೇಕ್ ನೆಚ್ಚಿಕೊಳ್ಳಬೇಡಿ.

ಸದಸ್ಯೆ (ಖಾನಾಪುರ):
ಸರ್, ನನ್ನದು 152 ಸೆಂ.ಮೀ., ಒಳಅಳತೆ 69. ಶಾಲೆಗೆ 4 ಕಿ.ಮೀ. ಹೋಗುತ್ತೇನೆ. ನನಗೂ 29 ಆಗುತ್ತದಾ?

ಉತ್ತರ:
ಅಕ್ಕಾ, ಲೆಕ್ಕಕ್ಕೆ ನಿಮಗೆ 15.5 ಬರುತ್ತದೆ. ಅಷ್ಟು ಸಣ್ಣ ಫ್ರೇಮಿಗೆ 29 ಗಾಲಿ ತುರುಕಿದರೆ ಹ್ಯಾಂಡಲ್ ಎದೆಯ ಹತ್ತಿರ ಬರುತ್ತದೆ, ತಿರುಗಿಸುವಾಗ ಕಾಲ ಬೆರಳು ಮುಂದಿನ ಗಾಲಿಗೆ ತಾಗಬಹುದು. 26 ಅಥವಾ 27.5 ನೋಡಿ. ದಾಂಡಿ ಇಳಿಜಾರಾಗಿ ಇರಲಿ. ಮತ್ತೆ ಚೈನ್ ಕವರ್ ಇರುವುದನ್ನೇ ಕೇಳಿ. ಚೂಡಿದಾರದ ಕಾಲು ಚೈನಿಗೆ ಸಿಕ್ಕರೆ ಬಟ್ಟೆ ಹರಿಯುವುದಷ್ಟೇ ಅಲ್ಲ, ಬೀಳುತ್ತೀರಿ.

ಸದಸ್ಯರು (ಗೋಕಾಕ):
ಮಗನಿಗೆ 13. ಹೆಂಗೂ ಬೆಳೆಯುತ್ತಾನೆ, ಒಂದು ಸೈಜು ದೊಡ್ಡದೇ ತಗೊಳ್ಳಲಾ ಸರ್?

ಉತ್ತರ:
ಬೇಡ. ಸೈಕಲ್ ಶಾಲೆಯ ಯೂನಿಫಾರ್ಮ್ ಅಲ್ಲ, ಅಂಚು ಬಿಚ್ಚಿ ಉದ್ದ ಮಾಡಲು ಆಗುವುದಿಲ್ಲ. ಇವತ್ತಿನ ದಾಂಡಿ ಪರೀಕ್ಷೆಯಲ್ಲಿ ಪಾಸಾಗಿ, ಸೀಟು ಎತ್ತಲು ಇನ್ನೂ ಜಾಗ ಇರುವ ಫ್ರೇಮ್ ತಗೊಳ್ಳಿ.

ಪ್ರಶ್ನೆ ಕೇಳಿದವರು:
ಸರ್, ತಗೊಂಡೆ! 17 ಇಂಚು ಫ್ರೇಮ್, 29 ಗಾಲಿ. ದಾಂಡಿಗೂ ನನಗೂ ನಡುವೆ ಎರಡೂವರೆ ಇಂಚು ಇದೆ. ಮೂರು ದಿನ ಕೆಲಸಕ್ಕೆ ಹೋದೆ. ಕೈ ಸರಿ ಇದೆ, ಆದರೆ ಮೊಣಕಾಲಿನ ಮುಂಭಾಗ ಸ್ವಲ್ಪ ಹಿಡಿಯುತ್ತಿದೆ. ಸೈಜು ತಪ್ಪಾಯಿತಾ?

ಉತ್ತರ:
ಸೈಜು ತಪ್ಪಿಲ್ಲ, ಸೀಟು ಕೆಳಗಿದೆ. ಹೊಸಬರೆಲ್ಲ ಎರಡೂ ಪಾದ ನೆಲಕ್ಕೆ ಊರಲಿ ಅಂತ ಸೀಟು ಇಳಿಸುತ್ತಾರೆ. 77ನ್ನು 0.883ರಿಂದ ಗುಣಿಸಿ, 68 ಸೆಂ.ಮೀ. ಫ್ರೇಮಿನ ತಳದ ಅದೇ ಆಕ್ಸಲ್ಲಿನ ನಡುವಿನಿಂದ ಸೀಟಿನ ಮೇಲ್ಭಾಗಕ್ಕೆ ಅಷ್ಟು ಇರಲಿ. ಟೇಪು ಕೈಯಲ್ಲಿ ಇಲ್ಲದಿದ್ದರೆ ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಕೆಳಗೆ ಒತ್ತಿ. ಕಾಲು ನೆಟ್ಟಗಾಗಬೇಕು, ಸೊಂಟ ಒಂದು ಕಡೆ ವಾಲಬಾರದು. ಆಮೇಲೆ ಪಾದದ ಮುಂಭಾಗದಿಂದ ತುಳಿದಾಗ ಬೇಕಾದಷ್ಟು ಬಾಗು ತಾನಾಗಿ ಬರುತ್ತದೆ. ಒಮ್ಮೆಲೇ ಎತ್ತಬೇಡಿ, ದಿನಕ್ಕೆ ಅರ್ಧ ಸೆಂ.ಮೀ. ಏರಿಸಿ. ಗೇಟಿನಲ್ಲಿ ನಿಂತಾಗ ಸೀಟಿನಿಂದ ಮುಂದಕ್ಕೆ ಇಳಿದು ನಿಲ್ಲಿ. ರವಿವಾರ ಗುಡ್ಡ ಇಳಿಯುವಾಗ ಮಾತ್ರ ಮೂರ್ನಾಲ್ಕು ಸೆಂ.ಮೀ. ಇಳಿಸಿಕೊಳ್ಳಿ.

ಸೀಟಿನ ಕಂಬದ ಮೇಲೆ ಒಂದು ಗೆರೆ ಕೆತ್ತಿರುತ್ತದೆ, ಅದು ಹೊರಗೆ ಕಾಣಬಾರದು. ಗಾಳಿ ಎಷ್ಟು ಹಾಕಿದ್ದೀರಿ?

ಪ್ರಶ್ನೆ ಕೇಳಿದವರು:
ಪೆಟ್ರೋಲ್ ಪಂಪಿನಲ್ಲಿ ಹುಡುಗ ಹಾಕಿದ ಸರ್. ಕಲ್ಲಿನ ಹಾಗೆ ಗಟ್ಟಿ ಇದೆ.

ಉತ್ತರ:
ಹಾಗಾದರೆ ನಾಳೆ ಕೆಲಸಕ್ಕೆ ಹೋಗುವ ಮೊದಲು 40 ಪಿಎಸ್‌ಐಗೆ ಇಳಿಸಿ. ಕಚ್ಚಾ ದಾರಿಗೆ 30. ಅದಕ್ಕಿಂತ ಕೆಳಗೆ ಬೇಡ, ಟ್ಯೂಬು ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಹಾವು ಕಚ್ಚಿದ ಹಾಗೆ ಎರಡು ತೂತು ಬೀಳುತ್ತದೆ. ಮೊಣಕಾಲು ಒಂದು ವಾರದಲ್ಲಿ ಸರಿಹೋಗದಿದ್ದರೆ ಸೈಕಲ್ ಸಮೇತ ಅಂಗಡಿಗೆ ಬನ್ನಿ. ದಿನಾ ಹಾಕುವ ಬೂಟು ಹಾಕಿಕೊಂಡೇ ಬನ್ನಿ, ಚಪ್ಪಲಿ ಬೇಡ.