‘ಹ್ಯಾಂಡ್‌ಲೋಡ್’ ತೋಟಾಕ್ಕೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೆ,

ಒಂದು ಪದಕ್ಕೆ ಸಿಕ್ಕಿಹಾಕಿಕೊಂಡು ಕೂತಿದ್ದೇನೆ. ಅಮೆರಿಕದ ಬಂದೂಕು ಕಾನೂನಿನ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅದರಲ್ಲಿ ‘ಹ್ಯಾಂಡ್‌ಲೋಡ್’ ಅನ್ನುವ ಮಾತು ಹೆಜ್ಜೆಹೆಜ್ಜೆಗೂ ಬರುತ್ತದೆ. ಅಂದರೆ ಅಂಗಡಿಯಲ್ಲಿ ಕೊಂಡ ತೋಟಾ ಅಲ್ಲ. ಹಿತ್ತಾಳೆ ಕೊಳವೆ, ಕಿಡಿ ಹೊತ್ತಿಸುವ ಕೇಪು, ಮದ್ದು, ಗುಂಡು ಇವನ್ನು ಬಿಡಿಬಿಡಿಯಾಗಿ ತಂದು, ಮನೆಯ ಮೇಜಿನ ಮೇಲೆ ಸಣ್ಣ ಒತ್ತುಯಂತ್ರ ಇಟ್ಟುಕೊಂಡು ತಾನೇ ಜೋಡಿಸಿಕೊಂಡದ್ದು. ಅಲ್ಲಿ ಇದು ಬಹಳ ಜನರ ಹವ್ಯಾಸ. ಸ್ವಂತ ಬಳಕೆಗೆ ಮಾಡಿಕೊಂಡರೆ ಫೆಡರಲ್ ಲೈಸೆನ್ಸ್ ಬೇಡ, ಮಾರಾಟಕ್ಕೆ ಮಾಡುವುದಾದರೆ ಬೇಕು.

ಮೊದಲು ‘ಕೈತೋಟಾ’ ಅಂತ ಬರೆದೆ. ಓದಿದ ಹೆಂಡತಿ “ಬದನೆ ಹಾಕಿದ್ದಾರಾ, ಬೆಂಡೆನಾ?” ಅಂದಳು. ಒಂದು ದೀರ್ಘ ಇದ್ದರೇನು, ಬಿಟ್ಟರೇನು, ಕಣ್ಣಿಗೆ ಕಾಣುವುದು ಕೈತೋಟವೇ. ‘ಮನೆಮದ್ದು’ ಅಂದರೆ ಶುಂಠಿ ಕಷಾಯದ ವಾಸನೆ ಬರುತ್ತದೆ. ‘ಕೈಮದ್ದು’ ಇನ್ನೂ ಕಷ್ಟ, ಯಾರೋ ಊಟದಲ್ಲಿ ಏನೋ ಹಾಕಿಕೊಟ್ಟರು ಅನ್ನುವ ಹಳ್ಳಿಯ ಗುಮಾನಿಗೆ ಹೋಗುತ್ತದೆ. ಔಷಧಿಗೂ ಸಿಡಿಯುವ ಪುಡಿಗೂ ಒಂದೇ ಹೆಸರಿಟ್ಟ ಭಾಷೆ ನಮ್ಮದು, ಏನು ಮಾಡೋಣ. ‘ಮರುತುಂಬಿದ ತೋಟಾ’ ಚೆನ್ನಾಗಿದೆ, ಆದರೆ ಅದು ‘ರೀಲೋಡ್’. ಒಮ್ಮೆ ಹಾರಿಸಿದ ಕೊಳವೆಯನ್ನೇ ಮತ್ತೆ ತುಂಬಿದರೆ ಮಾತ್ರ ಸರಿ. ಹೊಸ ಕೊಳವೆಯಲ್ಲೂ ಕೈಯಿಂದ ತುಂಬುತ್ತಾರಲ್ವಾ?

ಇನ್ನು ಉಳಿದದ್ದು ‘ನಾಡ ತೋಟಾ’, ‘ಮನೆಯಲ್ಲಿ ತಯಾರಿಸಿದ ತೋಟಾ’. ನನಗೆ ನಿಜವಾದ ಅಳುಕು ಇರುವುದು ಇಲ್ಲೇ. ‘ನಾಡಬಂದೂಕು ವಶ’ ಅನ್ನುವ ಸುದ್ದಿ ಓದಿ ಬೆಳೆದವರು ನಾವು. ಬಂದೂಕಿನ ಜೊತೆ ‘ನಾಡ’ ಸೇರಿತು ಅಂದರೆ ಕಳ್ಳಮಾಲು ಅಂತಲೇ ಅರ್ಥ. 1959ರ ನಮ್ಮ ಆಯುಧ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. ಹಾಗಾಗಿ ‘ಮನೆಯಲ್ಲಿ ತಯಾರಿಸಿದ’ ಅಂದರೂ ಕನ್ನಡದ ಓದುಗ ಅದನ್ನು ಬಳಸಿದವನನ್ನು ಮೊದಲ ಸಾಲಿನಲ್ಲೇ ಒಳಗೆ ಹಾಕಿಬಿಡುತ್ತಾನೆ. ತಮಾಷೆ ಅಂದರೆ, ಆತ್ಮರಕ್ಷಣೆಗೆ ಹ್ಯಾಂಡ್‌ಲೋಡ್ ಬಳಸಿದರೆ ಕೋರ್ಟಿನಲ್ಲಿ ತೊಂದರೆಯಾಗುತ್ತದಾ ಅನ್ನುವ ಅಮೆರಿಕದ ಚರ್ಚೆಯ ಅರ್ಧ ಭಾಗವೇ ಇದು. ಸರ್ಕಾರಿ ವಕೀಲರು ಜ್ಯೂರಿ ಮುಂದೆ ನಿಂತು, “ಅಂಗಡಿಯ ಗುಂಡು ಈತನಿಗೆ ಸಾಲಲಿಲ್ಲ, ಇನ್ನೂ ಜಾಸ್ತಿ ಕೊಲ್ಲುವಂಥದನ್ನು ತಾನೇ ಮಾಡಿಕೊಂಡ” ಅಂದರೆ ಏನು ಗತಿ? ಆತ್ಮರಕ್ಷಣೆಗೆ ಕಂಪನಿ ತೋಟಾವನ್ನೇ ಇಟ್ಟುಕೊಳ್ಳಿ, ಅದರಲ್ಲೂ ಪೊಲೀಸರು ಬಳಸುವಂಥದ್ದಾದರೆ ಒಳ್ಳೆಯದು ಅಂತ ಅಲ್ಲಿನ ಬಂದೂಕು ತರಬೇತುದಾರ, ಲೇಖಕ ಮಸಾದ್ ಅಯೂಬ್ ಬಹಳ ವರ್ಷಗಳಿಂದ ಹೇಳುತ್ತಾ ಬಂದಿದ್ದಾರೆ. ಅಲ್ಲಿ ವಕೀಲರು ಮಾಡಬಹುದಾದ ಕೆಲಸವನ್ನು ಇಲ್ಲಿ ನನ್ನ ಅನುವಾದವೇ ಮಾಡಬಾರದು.

ಉಳಿದರ್ಧ ಭಾಗ ಫೋರೆನ್ಸಿಕ್ ಲ್ಯಾಬಿನದು. ಅಲ್ಲೂ ಪದಗಳು ಕೈಕೊಡುತ್ತಿವೆ. ಹತ್ತಿರದಿಂದ ಹಾರಿಸಿದರೆ ಬಟ್ಟೆಯ ಮೇಲೆ ಮಸಿ ಕೂರುತ್ತದೆ, ಪೂರ್ತಿ ಸುಡದ ಮದ್ದಿನ ಕಾಳು ಚರ್ಮಕ್ಕೆ ಚುಚ್ಚಿ ಚುಕ್ಕೆಚುಕ್ಕೆ ಗುರುತು ಬೀಳುತ್ತದೆ. ಈ ಚುಕ್ಕೆಗೆ ಇಂಗ್ಲಿಷಿನವರು ಟ್ಯಾಟೂಯಿಂಗ್ ಅನ್ನುತ್ತಾರೆ. ‘ಮದ್ದಿನ ಹಚ್ಚೆ’ ಅನ್ನಬಹುದು ಅಂತ ನನಗೆ ಖುಷಿಯಾಗಿದೆ, ಇದನ್ನು ಮಾತ್ರ ದಯವಿಟ್ಟು ಕಿತ್ತುಕೊಳ್ಳಬೇಡಿ. ಆದರೆ ‘ಗನ್‌ಶಾಟ್ ರೆಸಿಡ್ಯೂ’ಗೆ ‘ಮದ್ದಿನ ಶೇಷ’ ಅಂದರೆ ತಪ್ಪಾಗುತ್ತದೆ. ಹಾರಿಸಿದವನ ಕೈಮೇಲೆ ಹುಡುಕುವ ಸೀಸ, ಬೇರಿಯಂ, ಆಂಟಿಮನಿ ಹೆಚ್ಚಾಗಿ ಬರುವುದು ಕೇಪಿನಿಂದ, ಮದ್ದಿನಿಂದಲ್ಲ. ಒಂದು ಸಲ ಹಾರಿಸುವ ಮದ್ದುಗುಂಡಿಗೆ ‘ಈಡು’ ಅನ್ನುತ್ತಾರಲ್ಲ, ‘ಈಡಿನ ಉಳಿಕೆ’ ಆಗಬಹುದೇ?

ಎಷ್ಟು ದೂರದಿಂದ ಹಾರಿಸಿದ್ದು ಅಂತ ತಿಳಿಯಲು ಅದೇ ಬಂದೂಕು, ಅದೇ ಬಗೆಯ ತೋಟಾ ಹಿಡಿದು ಬೇರೆ ಬೇರೆ ದೂರದಿಂದ ಬಟ್ಟೆಗೆ ಹಾರಿಸಿ ಹೋಲಿಸುತ್ತಾರೆ. ಕಂಪನಿಯದಾದರೆ ಅದೇ ತೋಟಾ ಮತ್ತೆ ಸಿಗುತ್ತದೆ. ಕೈಲಿ ತುಂಬಿದ್ದರಲ್ಲಿ ಎಷ್ಟು ಮದ್ದಿತ್ತು ಅಂತ ಗೊತ್ತಿರುವುದು ತುಂಬಿದವನಿಗೆ, ಅವನೇ ಆರೋಪಿ. 1989ರಲ್ಲಿ ನ್ಯೂಜೆರ್ಸಿಯಲ್ಲಿ ಒಬ್ಬಾಕೆ ತಲೆಗೆ ಗುಂಡು ತಗುಲಿ ಸತ್ತರು. ಆತ್ಮಹತ್ಯೆ ಅಂದ ಗಂಡ. ಅಷ್ಟು ಹತ್ತಿರದ್ದಾದರೆ ಕಾಣಬೇಕಿದ್ದ ಉಳಿಕೆ ಕಾಣಲಿಲ್ಲ. ಮದ್ದು ಬಹಳ ಕಡಿಮೆ ಹಾಕಿ ನಾನೇ ತುಂಬಿದ ತೋಟಾ ಅದು ಅನ್ನುವುದು ಅವನ ವಾದ. ಸರ್ಕಾರಿ ಪರೀಕ್ಷೆ ನಡೆದದ್ದು ಕಂಪನಿ ತೋಟಾದಲ್ಲಿ. ಮತ್ತೆ ಮತ್ತೆ ವಿಚಾರಣೆ ನಡೆದು, ಕೊನೆಗೆ ಕೊಲೆಗಿಂತ ಕಡಿಮೆಯ ನರಹತ್ಯೆ ಅಪರಾಧದಲ್ಲಿ ಶಿಕ್ಷೆಯಾಯಿತು. ಆತ್ಮರಕ್ಷಣೆಯ ಮಾತೇ ಇಲ್ಲದ ಈ ಕೇಸನ್ನು ಆತ್ಮರಕ್ಷಣೆಯ ಚರ್ಚೆಯಲ್ಲಿ ಎಲ್ಲರೂ ಎಳೆದು ತರುತ್ತಾರೆ. ಸುಮ್ನೆ ಹೆದರಿಸುತ್ತಾರೆ ಅನ್ನುವವರೂ ಇದ್ದಾರೆ. ಜ್ಯೂರಿಯ ಮಾತು ಬಿಡಿ, ಲ್ಯಾಬಿನ ತೊಡಕು ಮಾತ್ರ ನಿಜವಾದ ತೊಡಕು ಅಂತ ನನಗನ್ನಿಸುತ್ತದೆ. ಎಷ್ಟು ಮದ್ದು ಹಾಕಿದೆ ಅಂತ ತುಂಬಿದವನು ಬರೆದಿಟ್ಟ ನೋಟ್‌ಬುಕ್ಕನ್ನು ‘ಸೆಲ್ಫ್ ಸರ್ವಿಂಗ್’ ಸಾಕ್ಷಿ ಅಂತ ತಳ್ಳಿಹಾಕಬಹುದು. ಸದ್ಯಕ್ಕೆ ಇದನ್ನು ‘ತನ್ನ ಪರ ತಾನೇ ಬರೆದ ಲೆಕ್ಕ’ ಅಂತ ಇಟ್ಟಿದ್ದೇನೆ.

ಮತ್ತೆ ಮೂಲ ಪದಕ್ಕೆ. ಮಲೆನಾಡಿನ ಕೇಪಿನ ಕೋವಿಯಲ್ಲಿ ಪ್ರತಿ ಈಡನ್ನೂ ಕೈಯಲ್ಲೇ ತುಂಬುತ್ತಿದ್ದರು. ಮದ್ದು ಸುರಿದು, ಕತ್ತ ತುರುಕಿ, ಗಜದಲ್ಲಿ ಗಿಡಿದು, ಚರೆ ಹಾಕಿ. ಹಂದಿಗೊಂದು ಈಡು, ಹಕ್ಕಿಗೊಂದು ಈಡು. ಈ ಮಾತಿನಲ್ಲಿ ಅಪರಾಧದ ವಾಸನೆ ಇಲ್ಲ, ಅಳತೆಯ ಲೆಕ್ಕ ಇದೆ. ‘ಕೈಯೀಡು’ ಅಂತ ಮಾಡೋಣ ಅನ್ನಿಸಿತು. ಆದರೆ ಕಾನೂನಿನ ಬರಹದಲ್ಲಿ ‘ಈಡು’ ಕಂಡ ಕೂಡಲೇ ಅಡಮಾನ ನೆನಪಾಗುವವರು ಜಾಸ್ತಿ ಇರಬಹುದು. ಹಾಗಾದರೆ ‘ಕೈತುಂಬು ತೋಟಾ’ ಮತ್ತು ‘ಕಂಪನಿ ತೋಟಾ’ ಅನ್ನುವ ಜೋಡಿ ಹೇಗೆ? ‘ಕೈತುಂಬ’ ಅಂತ ಓದಿಕೊಂಡು ಯಾರಾದರೂ ಕೈತುಂಬ ಸಂಬಳದ ಕಡೆ ಹೋಗುತ್ತಾರಾ?

ಕೊಡಗು, ತೀರ್ಥಹಳ್ಳಿ, ಸುಳ್ಯದ ಕಡೆಯವರು ಇದ್ದರೆ ಹೇಳಿ. ಖಾಲಿ ತೋಟಾವನ್ನು ಮನೆಯಲ್ಲಿ ಮತ್ತೆ ತುಂಬುವುದಕ್ಕೆ ನಿಮ್ಮ ಹಿರಿಯರು ಯಾವ ಕ್ರಿಯಾಪದ ಬಳಸುತ್ತಿದ್ದರು? ಕೊಳವೆಗೆ ಚಿಪ್ಪು ಅನ್ನುತ್ತಿದ್ದರೋ, ಕೊಟ್ಟೆ ಅನ್ನುತ್ತಿದ್ದರೋ?