ಪುಟ್ಟ ಡಿಲೀಟ್ ಒತ್ತಿದ ದಿನ

ಯುಗಾದಿಗೆ ಮೊದಲು ಸಾಗರದ ಮನೆಗೆ ಸುಣ್ಣಬಣ್ಣ ಆಗಬೇಕಿತ್ತು. ಹಳೆ ಕಂಪ್ಯೂಟರ್ ಹೊರಗೆ ಹಾಕುವ ಮಾತು ಬಂದದ್ದೇ ಅದರಿಂದ. ಆ ಎರಡು ದಿನ ನಮ್ಮ ‘ಮನೆಮಂದಿ’ ಗುಂಪಿನಲ್ಲಿ ನಡೆದ ಜಗಳ ಇದು. ಶುಭೋದಯದ ಚಿತ್ರಗಳನ್ನೂ ಭಾವನ ಹೆಬ್ಬೆರಳುಗಳನ್ನೂ ತೆಗೆದಿದ್ದೇನೆ. ಹೆಸರುಗಳು ನನ್ನ ಫೋನಿನಲ್ಲಿ ಸೇವ್ ಆಗಿರುವ ಹಾಗೆಯೇ ಇವೆ.

ಅಮ್ಮ: ಬಣ್ಣದವರು ನಾಡಿದ್ದು ಬರುತ್ತಾರೆ. ಜಗಲಿ ಪಕ್ಕದ ಕೋಣೆಯ ಕಂಪ್ಯೂಟರ್ ಯಾರಾದರೂ ತೆಗೆಯಿರಿ. ಅದರ ಹಿಂದೆ ಜೇಡ ಸಂಸಾರ ಹೂಡಿದೆ.

ಪುಟ್ಟ: ಗುಜರಿಯವನನ್ನು ಕೇಳಿದೆ. 600 ಕೊಡುತ್ತಾನಂತೆ.

ಅಪ್ಪ: 2012ರಲ್ಲಿ 34 ಸಾವಿರ ಕೊಟ್ಟು ತಂದದ್ದು ಅದು.

ಪುಟ್ಟ: ಅಪ್ಪ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೇ ಬೆಂಬಲ ನಿಂತಿದೆ. ಇಷ್ಟು ಹಳೆಯದಕ್ಕೆ 11 ಹಾಕಲು ಬರುವುದಿಲ್ಲ. ಆನ್ ಆಗುವಷ್ಟರಲ್ಲಿ ಕಾಫಿ ಕುಡಿದು ಲೋಟ ತೊಳೆದಿಟ್ಟು ಬರಬಹುದು.

ಚಿಕ್ಕಪ್ಪ: (ಫಾರ್ವರ್ಡ್) ಎಚ್ಚರ!! ಎಚ್ಚರ!! ಹಳೆ ಕಂಪ್ಯೂಟರ್ ಮಾರುವ ಮೊದಲು ಅದರಲ್ಲಿರುವ ಎಲ್ಲಾ ಫೋಟೋ ಡಿಲೀಟ್ ಮಾಡಿ. ರೀಸೈಕಲ್ ಬಿನ್ ಖಾಲಿ ಮಾಡಿ. ಇಲ್ಲದಿದ್ದರೆ ಕಳ್ಳರ ಪಾಲು! ಹತ್ತು ಜನರಿಗೆ ಕಳಿಸಿ.

ಪುಟ್ಟ: ಸರಿ ಚಿಕ್ಕಪ್ಪ. ಹೇಗೂ ಎಲ್ಲ ಇಂಟರ್ನೆಟ್ಟಿನಲ್ಲಿ ಫೈಲು ಇಡುವ ಒನ್‌ಡ್ರೈವ್‌ನಲ್ಲಿ ಇದೆ. ಈಗಲೇ ಮಾಡಿಬಿಡುತ್ತೇನೆ.

(ಇದಾಗಿ ಒಂದೂವರೆ ಗಂಟೆ ಯಾರೂ ಏನೂ ಬರೆದಿಲ್ಲ. ನಾನು ಆಫೀಸಿನಲ್ಲಿದ್ದೆ, ನೋಡಿರಲಿಲ್ಲ.)

ಅಕ್ಕ: ಮನೆ ಫೋಟೋಗಳ ಫೋಲ್ಡರ್ ಯಾರು ಮುಟ್ಟಿದ್ದು? ನನ್ನ ಫೋನಿನಲ್ಲಿ ಏನೂ ಕಾಣುತ್ತಿಲ್ಲ. ಅಜ್ಜಿಯದು ಇಲ್ಲ, ನನ್ನ ಮದುವೆಯದು ಇಲ್ಲ.

ಪುಟ್ಟ: ನಾನು ಕಂಪ್ಯೂಟರಿನಲ್ಲಿ ಇದ್ದದ್ದು ಮಾತ್ರ ತೆಗೆದೆ ಅಕ್ಕಾ. ಮೇಲಿನದು ಮುಟ್ಟಿಲ್ಲ.

ಅಕ್ಕ: ಮತ್ತೆ ಇಲ್ಲಿ ಪುಣೆಯಲ್ಲಿ ಹೇಗೆ ಹೋಯಿತು? ಆ ಜಾಗಕ್ಕೆ ವರ್ಷ ವರ್ಷ ದುಡ್ಡು ಕಟ್ಟುವುದು ನಾನು!

ನಾನು: ಪುಟ್ಟ, ಡಿಲೀಟ್ ಒತ್ತಿದಾಗ ಏನಾದರೂ ಬಂತಾ?

ಪುಟ್ಟ: ಒಂದು ಚೌಕ ಬಂತು. ಅಳಿಸಿದ ಫೈಲು ಎಲ್ಲ ಕಡೆಯಿಂದ ಹೋಗುತ್ತದೆ ಅಂತ ಏನೋ ಇತ್ತು.

ಅಕ್ಕ: ಅದನ್ನು ಓದಿಯೂ ಒತ್ತಿದೆಯಾ?

ಪುಟ್ಟ: ಓಕೆ ಒತ್ತಿದ ಮೇಲೆ ಓದಿದೆ.

ಭಾವ: ಇದು ಪ್ರಾಮಾಣಿಕ ಉತ್ತರ.

ಅಕ್ಕ: ನೀವು ಸುಮ್ಮನಿರಿ.

ನಾನು: ಕೂಗಾಡಬೇಡಿ, ಇನ್ನೂ ಸಿಗುತ್ತವೆ. ನಮ್ಮ ಮನೆಯ ಉಗ್ರಾಣಕ್ಕೆ ಎರಡು ಬಾಗಿಲು ಇದ್ದವಲ್ಲ, ಒಂದು ಅಡುಗೆಮನೆಗೆ, ಒಂದು ಹಿತ್ತಲಿಗೆ? ಹಾಗೆ ಇದು. ಸಾಗರದ ಕಂಪ್ಯೂಟರ್ ಒಂದು ಬಾಗಿಲು, ಅಕ್ಕನ ಫೋನ್ ಇನ್ನೊಂದು. ಪುಟ್ಟ ಹಿತ್ತಲ ಬಾಗಿಲಿನಿಂದ ಅಕ್ಕಿ ಮೂಟೆ ಎತ್ತಿದ. ಅಕ್ಕ ಅಡುಗೆಮನೆ ಬಾಗಿಲು ತೆಗೆದು ‘ಅಕ್ಕಿ ಎಲ್ಲಿ’ ಅಂದಳು. ಇಬ್ಬರ ಹತ್ತಿರವೂ ಒಂದೊಂದು ಉಗ್ರಾಣ ಇದೆ ಅಂತ ನಾವು ತಿಳಿದದ್ದೇ ತಪ್ಪು.

ಚಿಕ್ಕಪ್ಪ: ನಾನು ಒಳ್ಳೆಯದಕ್ಕೇ ಕಳಿಸಿದ್ದು. ಈಗ ಎಲ್ಲ ನನ್ನ ತಲೆಗೆ ಬರುತ್ತದೆ.

ನಾನು: ನಿಮ್ಮನ್ನು ಯಾರೂ ಬೈದಿಲ್ಲ ಚಿಕ್ಕಪ್ಪ. ಆದರೆ ಆ ಮೆಸೇಜು ಎರಡು ಕಡೆಯೂ ಕೆಟ್ಟದ್ದು. ನಮಗೆ ಬೇಕಾದ ಫೋಟೋ ಎಲ್ಲ ಕಡೆಯಿಂದ ಹೋಯಿತು. ಕಳ್ಳನಿಗೆ ಸಿಗಬಾರದ ಫೋಟೋ ಹಾರ್ಡ್ ಡಿಸ್ಕ್‌ನಲ್ಲಿ ಇನ್ನೂ ಹಾಗೇ ಇದೆ. ಬಿನ್ ಖಾಲಿ ಮಾಡಿದರೆ ಹೆಸರು ಹೋಗುತ್ತದೆ ಅಷ್ಟೆ. ಆ ಜಾಗದ ಮೇಲೆ ಬೇರೆ ಏನಾದರೂ ಬರೆಯುವ ತನಕ ಒಳಗಿನದು ಅಳಿಯುವುದಿಲ್ಲ. ಅದನ್ನು ಹೊರಗೆ ತೆಗೆಯುವ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ.

ಚಿಕ್ಕಪ್ಪ: ಹಾಗಾದರೆ ಸುತ್ತಿಗೆ ತೆಗೆದುಕೊಂಡು ಬಡಿದರಾಯಿತು ಮಾರಾಯ್ತಿ.

ನಾನು: ಅದೂ ಆಗುತ್ತದೆ. ಇವತ್ತು ಬೇಡ. ಈಗ ಒನ್‌ಡ್ರೈವ್‌ನ ಸ್ವಂತ ರೀಸೈಕಲ್ ಬಿನ್ ನೋಡಬೇಕು. ಕಂಪ್ಯೂಟರಿನ ಬಿನ್ ಬೇರೆ, ಅದು ಬೇರೆ. ನಮ್ಮಂಥವರ ಖಾತೆಯಲ್ಲಿ ಅಳಿಸಿದ್ದು 30 ದಿನ ಅಲ್ಲಿ ಬಿದ್ದಿರುತ್ತದೆ. ಬ್ರೌಸರಿನಲ್ಲಿ ಅಪ್ಪನ ಖಾತೆಗೆ ಹೋಗಬೇಕು. ಅಪ್ಪ, ಪಾಸ್‌ವರ್ಡ್?

ಅಮ್ಮ: ಹಾಲಿನ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಇದೆ. ಅಪ್ಪ ತೋಟಕ್ಕೆ ಹೋಗಿದ್ದಾರೆ.

ಪುಟ್ಟ: ಹಾಕಿದೆ. ಅಪ್ಪನ ಮೊಬೈಲಿಗೆ ಕೋಡ್ ಕಳಿಸಿದ್ದೇವೆ ಅನ್ನುತ್ತಿದೆ.

ಅಕ್ಕ: ತೋಟದಲ್ಲಿ ಸಿಗ್ನಲ್ ಎಲ್ಲಿದೆ?

ಅಮ್ಮ: ಪಂಪ್‌ಶೆಡ್ಡಿನ ಮೇಲಿನ ದಿಬ್ಬದಲ್ಲಿ ಬರುತ್ತದೆ. ನಾನೇ ಹೋಗಿ ಹೇಳುತ್ತೇನೆ.

(ಇಪ್ಪತ್ತು ನಿಮಿಷ.)

ಅಪ್ಪ: 4 ಕೋಡ್ ಬಂದಿದೆ. ಯಾವುದು?

ಪುಟ್ಟ: ಕೊನೆಯದು ಅಪ್ಪ. ಬೇಗ.

ಅಪ್ಪ: ಮೇಲಿನದಾ ಕೆಳಗಿನದಾ?

(ಆ ಕೋಡಿನ ಸಮಯವೂ ಮುಗಿಯಿತು. ಐದನೆಯದಕ್ಕೆ ಬಾಗಿಲು ತೆರೆಯಿತು. ಅಪ್ಪನ ಇಮೇಲಿನಲ್ಲಿ ‘ತುಂಬ ಫೈಲುಗಳು ಅಳಿದಿವೆ’ ಅಂತ ಒನ್‌ಡ್ರೈವ್‌ನ ಎಚ್ಚರಿಕೆ ಮಧ್ಯಾಹ್ನವೇ ಬಂದು ಕೂತಿತ್ತು. ಆ ಇಮೇಲ್ ನಮ್ಮ ಮನೆಯಲ್ಲಿ ಯಾರೂ ತೆರೆಯುವುದಿಲ್ಲ.)

ಪುಟ್ಟ: ಎಲ್ಲ ಇದೆ!! ರಿಸ್ಟೋರ್ ಕೊಟ್ಟೆ. ಒಂದೊಂದೇ ಫೋಲ್ಡರ್ ವಾಪಸ್ ಬರುತ್ತಿದೆ.

ಅಕ್ಕ: ನನಗೂ ಬಂತು. ಅಜ್ಜಿ ಬಂದಳು.

ಭಾವ: ಈಗ ಹಾರ್ಡ್ ಡಿಸ್ಕ್ ಬಿಚ್ಚಿ ಬೀರುವಿನಲ್ಲಿ ಇಡಿ. ಫೋಟೋ ಅದರಲ್ಲೇ ಭದ್ರ. ಡಬ್ಬ ಗುಜರಿಗೆ.

ನಾನು: ತಡೆಯಿರಿ ಭಾವ. ಪುಟ್ಟ, 2014ರ ಫೋಲ್ಡರಿನ ಪಕ್ಕ ಏನು ಗುರುತಿದೆ? ಹಸಿರು ಟಿಕ್ಕಾ, ನೀಲಿ ಮೋಡವಾ?

ಪುಟ್ಟ: ಮೋಡ.

ನಾನು: ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡು.

ಪುಟ್ಟ: ಸೈಜ್ 3.1 ಜಿಬಿ. ಅದರ ಕೆಳಗೆ ಸೈಜ್ ಆನ್ ಡಿಸ್ಕ್ 0 ಬೈಟ್ಸ್. ಇದೇನು, ಇದೆಯೋ ಇಲ್ಲವೋ?

ನಾನು: ಇಲ್ಲ. ರಿಸ್ಟೋರ್ ಆದಾಗ ಹೆಸರು ಮಾತ್ರ ಅಲ್ಲಿಗೆ ಬಂದಿದೆ, ಫೋಟೋ ಮೇಲಿದೆ. ಡಿಸ್ಕ್ ಬಿಚ್ಚಿ ಇಟ್ಟುಕೊಂಡರೆ ಖಾಲಿ ಡಬ್ಬಿಗೆ ಅವಲಕ್ಕಿ ಅಂತ ಚೀಟಿ ಅಂಟಿಸಿ ಇಟ್ಟುಕೊಂಡ ಹಾಗೆ. ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್’ ಕೊಡು. ರಾತ್ರಿಯೆಲ್ಲ ಇಳಿಯಲಿ. ಬೆಳಿಗ್ಗೆ ಎಲ್ಲದಕ್ಕೂ ಹಸಿರು ಬಂದ ಮೇಲೆ ನಿನ್ನ ಎಕ್ಸ್‌ಟರ್ನಲ್ ಡಿಸ್ಕಿಗೆ ಕಾಪಿ ಮಾಡು.

ಪುಟ್ಟ: ಅದರಲ್ಲಿ ಸಿನಿಮಾ ತುಂಬಿದೆ.

ಅಕ್ಕ: ಸಿನಿಮಾ ತೆಗೆ. ಅದನ್ನು ಮಾತ್ರ ಎಷ್ಟು ಬೇಕಾದರೂ ಡಿಲೀಟ್ ಮಾಡು.

ಅಪ್ಪ: ನನ್ನ ಸಂಘದ ನಡಾವಳಿ ಡಿ ಡ್ರೈವ್‌ನಲ್ಲಿ ಇದೆ. ಅದು ಯಾವ ಮೋಡದಲ್ಲೂ ಇಲ್ಲ. ಅದನ್ನು ಯಾರೂ ಕೇಳಲಿಲ್ಲ.

(ನನಗೆ ನಿಜಕ್ಕೂ ಎದೆ ಧಸಕ್ಕೆಂದದ್ದು ಇಲ್ಲಿ. ಅಷ್ಟು ಹೊತ್ತು ನಾವು ಕೂಗಾಡಿದ್ದು ಎಲ್ಲೋ ಒಂದು ಕಡೆ ಉಳಿದಿದ್ದ ಫೋಟೋಗಳಿಗಾಗಿ. ಇಡೀ ಲೋಕದಲ್ಲಿ ಒಂದೇ ಪ್ರತಿ ಇದ್ದದ್ದು ಅಪ್ಪನ ಫೈಲುಗಳದ್ದು.)

ನಾನು: ತಪ್ಪಾಯಿತು ಅಪ್ಪ. ಮೊದಲು ಅದೇ ಕಾಪಿ ಆಗಲಿ. ನುಡಿ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ್ದಲ್ವಾ?

ಅಪ್ಪ: ಹೌದು. ಹಳೆ ನುಡಿ.

ನಾನು: ಹಾಗಾದರೆ ಪುಟ್ಟ, ಆ ಕಂಪ್ಯೂಟರಿನಲ್ಲೇ ಒಂದೊಂದನ್ನೂ ತೆರೆದು ಪಿಡಿಎಫ್ ಮಾಡು, ಮೂಲ ಫೈಲೂ ಇರಲಿ. ಆ ಫಾಂಟ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ತೆರೆದರೆ ಕನ್ನಡದ ಬದಲು ತಲೆಬುಡ ಇಲ್ಲದ ಇಂಗ್ಲಿಷ್ ಅಕ್ಷರ ಬರುತ್ತವೆ.

ಪುಟ್ಟ: 86 ಫೈಲು ಇವೆ.

ಅಪ್ಪ: ನಾನು ಪಕ್ಕದಲ್ಲಿ ಕೂರುತ್ತೇನೆ.

(ಮರುದಿನ ಸಂಜೆ.)

ಪುಟ್ಟ: ಎಲ್ಲ ಹಸಿರು. ಕಾಪಿಯೂ ಆಯಿತು. ಎರಡು ಕಡೆಯೂ 11,482 ಫೈಲು. ಅಮ್ಮನ ಲ್ಯಾಪ್‌ಟಾಪಿಗೆ ಡಿಸ್ಕ್ ಹಾಕಿ ನಡುನಡುವೆ ಒಂದೊಂದು ತೆರೆದು ನೋಡಿದೆ. ಈಗ ಡಿಲೀಟಾ?

ಅಕ್ಕ: ಬೇಡ!!!

ನಾನು: ಡಿಲೀಟ್ ಅನ್ನುವ ಮಾತೇ ಬೇಡ. ಒನ್‌ಡ್ರೈವ್ ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್, ಅಲ್ಲಿ ‘ಅನ್‌ಲಿಂಕ್ ದಿಸ್ ಪಿಸಿ’. ಹಿತ್ತಲ ಬಾಗಿಲಿಗೆ ಗೋಡೆ ಕಟ್ಟಿದ ಹಾಗೆ ಅದು. ಆಮೇಲೆ ಆ ಕಂಪ್ಯೂಟರಿನಲ್ಲಿ ಏನು ಮಾಡಿದರೂ ಅಕ್ಕನ ಫೋನಿಗೆ ತಾಗುವುದಿಲ್ಲ. ಬ್ರೌಸರಿನಿಂದಲೂ ಅಪ್ಪನ ಜಿಮೇಲ್ ಸೈನ್ ಔಟ್ ಮಾಡು. ಕೊನೆಗೆ ರೀಸೆಟ್. ‘ರಿಮೂವ್ ಎವೆರಿಥಿಂಗ್’ ಕೊಟ್ಟು, ಒಳಗೆ ‘ಕ್ಲೀನ್ ಡೇಟಾ’ ಆನ್ ಮಾಡು, ಡಿ ಡ್ರೈವ್ ಉಳಿಯದ ಹಾಗೆ ಎಲ್ಲ ಡ್ರೈವ್‌ಗಳನ್ನೂ ಆರಿಸು. ತುಂಬ ಗಂಟೆ ಹಿಡಿಯುತ್ತದೆ, ಆದರೆ ಚಿಕ್ಕಪ್ಪ ಹೇಳಿದ ಕಳ್ಳನಿಗೆ ಆಗ ಏನೂ ಸಿಗುವುದು ಕಷ್ಟ.

ಚಿಕ್ಕಪ್ಪ: ಅಂತೂ ಕಳ್ಳ ಇದ್ದಾನೆ ಅಂತ ಒಪ್ಪಿದೆ.

ಅಮ್ಮ: ಆಯಿತಲ್ಲ? ಗುಜರಿಯವನಿಗೆ ಬರಲು ಹೇಳಲಾ?

ನಾನು: ಅಮ್ಮ, ಅವನು ವೈರು ಸುಟ್ಟು ತಾಮ್ರ ತೆಗೆಯುತ್ತಾನೆ, ಉಳಿದದ್ದು ಹಳ್ಳದ ಪಕ್ಕ ಬೀಳುತ್ತದೆ. 2023ರ ಏಪ್ರಿಲ್‌ನಿಂದ ಹೊಸ ಇ-ತ್ಯಾಜ್ಯ ನಿಯಮ ಇದೆ, ಇಂಥದ್ದನ್ನು ಬಿಚ್ಚಿ ಕರಗಿಸುವ ಕೆಲಸ ನೋಂದಣಿ ಆದವರದ್ದು. ಹಬ್ಬಕ್ಕೆ ಬಂದಾಗ ಕಾರಿನಲ್ಲಿ ಬೆಂಗಳೂರಿಗೆ ಒಯ್ದು ನಾನೇ ಅಂಥ ಕಡೆ ಕೊಡುತ್ತೇನೆ.

ಅಮ್ಮ: ಹಾಗಾದರೆ ಅಟ್ಟದ ಮೇಲಿನ ಹಳೆ ಡಬ್ಬ ಟಿವಿಯಂಥದ್ದನ್ನೂ ತೆಗೆದುಕೊಂಡು ಹೋಗು.

ನಾನು: ಮಾನಿಟರಾ? ಅದು ಇನ್ನೂ ಇದೆಯಾ? ಅದರ ಗಾಜಿನಲ್ಲಿ ಸೀಸ ಇರುತ್ತದೆ, ಬೀಳಿಸಿ ಒಡೆಯಬೇಡಿ.

ಚಿಕ್ಕಪ್ಪ: 600 ರೂಪಾಯಿ ಹೋಯಿತು ಅತ್ತಿಗೆ.

ಅಮ್ಮ: ಅದನ್ನು ಪುಟ್ಟ ಕೊಡುತ್ತಾನೆ.

ಅಕ್ಕ: (ಫೋಟೋ) ಇದು 2013ರದ್ದು. ನಿನ್ನೆ ಇದಕ್ಕೇ ಅತ್ತದ್ದು ನಾನು. ಅಜ್ಜಿ ಹಂಡೆ ಒಲೆ ಮುಂದೆ.

ಅಮ್ಮ: ಆ ಹಸಿರು ಇಳಕಲ್ ಸೀರೆ. ಅದು ಈಗ ಯಾರ ಹತ್ತಿರ ಇದೆ?

ಭಾವ: ಬಂತು.

ಅಕ್ಕ: ಅಮ್ಮಾ, ಅದನ್ನು ಫೋನಿನಲ್ಲಿ ಮಾತಾಡೋಣ.