ಜೈಪುರದಲ್ಲಿ ಗೈಡ್ ಇರುವ ಬಸ್ಸೋ, ನಾವೇ ಗೈಡ್ ಹಿಡಿಯೋದೋ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾವು ಗೋಣಿಕೊಪ್ಪದವರು. ಕಾಫಿ ಕೊಯ್ಲು ಮುಗಿದ ಮೇಲೆ ಅಪ್ಪ, ಅಮ್ಮ, ದೊಡ್ಡಮ್ಮನನ್ನು ಜೈಪುರಕ್ಕೆ ಕರೆದುಕೊಂಡು ಹೋಗುತ್ತಿದ್ದೇನೆ. ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬಾರದಿದ್ದರೆ ಸ್ಪ್ರಿಂಕ್ಲರ್ ಹಾಕಲು ತೋಟಕ್ಕೆ ವಾಪಸ್ ಬರಲೇಬೇಕು. ಹಾಗಾಗಿ ಅಲ್ಲಿ ಸಿಗೋದು ಎರಡೇ ದಿನ.

ಒಂದು ಏಜೆನ್ಸಿಯ ಬಸ್ ಟೂರ್ ವಿಚಾರಿಸಿದೆ. ಬೆಳಗ್ಗೆ ಆಮೇರ್ ಕೋಟೆ, ಆಮೇಲೆ ಸೀರೆ ಅಂಗಡಿ (ಇದು ಯಾಕೋ!), ಹವಾ ಮಹಲ್ ಹೊರಗಿನಿಂದ ಮಾತ್ರ, ಕೊನೆಗೆ ಸಂಜೆ ಜಂತರ್ ಮಂತರ್ (ಆಕಾಶ ನೋಡಿ ಲೆಕ್ಕ ಹಾಕುವ ಹಳೇ ಯಂತ್ರಗಳಿರುವ ವೀಕ್ಷಣಾಲಯ), ಅದೂ ಅರ್ಧ ಗಂಟೆ. ಗೈಡ್ ಹಿಂದಿಯಲ್ಲೇ ಹೇಳುತ್ತಾರಂತೆ. ಕ್ರಮ ಬದಲಿಸಿ ಅಂದರೆ ಆಗಲ್ಲ ಅಂದರು.

ಅಪ್ಪ ಸರ್ವೇಯರ್ ಆಗಿದ್ದವರು. ಅವರು ಹೊರಟಿರುವುದೇ ಜಂತರ್ ಮಂತರ್‌ಗಾಗಿ. ರಾಜ ಸವಾಯಿ ಜೈಸಿಂಗ್ ಕಟ್ಟಿಸಿದ ಸಮ್ರಾಟ್ ಯಂತ್ರ, ಅಂದರೆ ನೆರಳಿನಿಂದ ಸಮಯ ಹೇಳುವ ದೊಡ್ಡ ಗಡಿಯಾರ, ಸುಮಾರು 27 ಮೀಟರ್ ಎತ್ತರ ಇದೆ. ಅದರ ನೆರಳು ಸೆಕೆಂಡಿಗೆ ಸುಮಾರು ಒಂದು ಮಿಲಿಮೀಟರ್ ಸರಿಯುತ್ತದೆ, ಕಣ್ಣಿಗೇ ಕಾಣುತ್ತದೆ. ಒಳ್ಳೆ ಬಿಸಿಲಿಲ್ಲದೆ ಹೋದರೆ ಸುಮ್ನೆ ಗೋಡೆ ನೋಡಿಕೊಂಡು ಬಂದ ಹಾಗೆ ಅಲ್ವಾ? ದೊಡ್ಡಮ್ಮನಿಗೆ ಮಂಡಿನೋವು ಜಾಸ್ತಿ, ಆಮೇರ್‌ನ ಏರು ಹತ್ತಲಾಗದು. ಮೇಲೆ ಜೀಪ್ ಹೋಗುತ್ತದೆ ಅಂತ ಗೊತ್ತು, ಆದರೆ ಬಸ್ಸಿನವರು ಅವರಿಗಾಗಿ ಕಾಯುತ್ತಾರಾ?

ಹೋಗಿ ಬಂದವರು ಹೇಳಿ: ಬಸ್ ಟೂರ್ ಬಿಟ್ಟು ಕಾರು ಮಾಡಿಕೊಂಡು, ಜಂತರ್ ಮಂತರ್‌ಗೆ ಮಧ್ಯಾಹ್ನವೇ ಹೋದರೆ ಯಂತ್ರಗಳ ಲೆಕ್ಕ ಬಿಡಿಸಿ ಹೇಳುವ, ಕನ್ನಡ ಅಥವಾ ಇಂಗ್ಲಿಷ್ ಬರುವ ಗೈಡ್ ಗೇಟಿನಲ್ಲೇ ಸಿಗುತ್ತಾರಾ? ಇಲ್ಲ ಮೊದಲೇ ಗೊತ್ತು ಮಾಡಬೇಕಾ?